ಏರ್‌ಲೋ ಹೈಸಾ

“ಮುಚ್ಚೋ ಬಾಯಿ, ಸೂಳೆಮಗನೆ! ಆ ಕೂಗು ನಿಂದಲ್ಲ ಅಂತ ಎಷ್ಟು ಸಲ ಬೊಗಳ್ಬೇಕು?”

ಮೇಸ್ತ್ರಿ ಬೈದದ್ದು ನನ್ನ ಭಾವನನ್ನು. ನಾವು ಆರು ಜನ ತೊಲೆಗೆ ಹೆಗಲು ಕೊಟ್ಟು ಬಾಗಿದ್ದೆವು. ತೊಲೆಯ ನಡುವೆ, ಸರಪಳಿಯಲ್ಲಿ ಕಟ್ಟಿದ ಯಂತ್ರ. ಭಾವ “ಏರ್‌ಲೋ ಹೈಸಾ” ಎಂದರೇನೇ ಆರು ಬೆನ್ನು ಒಟ್ಟಿಗೆ ಏಳುವುದು. ಅಭ್ಯಾಸಬಲದಿಂದ ಬಾಯಿ ತೆರೆದಿದ್ದ, ಅಷ್ಟೇ.

ಹೋದ ವರ್ಷ ಕನ್ನಡಕದವನೊಬ್ಬ ಮೈಕು ಹಿಡಿದು ಬಂದಿದ್ದ. “ಇನ್ನೊಂದ್ಸಲ ಅಣ್ಣಾ, ಕೆಮ್ಮಬೇಡಿ” ಎನ್ನುತ್ತ ಆ ಕೂಗನ್ನು ಹಿಡಿದುಕೊಂಡ. ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಅದು ಹಾಡಾಯಿತು. ಬಸ್ಸು, ಅಂಗಡಿ, ಎಲ್ಲಿ ನೋಡಿದರೂ ಭಾವನ ಗಂಟಲು.

“ಕೇಳ್ರೇ, ನಮ್ಮನೆಯವರೇ ಕಿರುಚ್ತಿರೋದು,” ಅಕ್ಕ ನೆಂಟರನ್ನು ನಗಿಸುತ್ತಿದ್ದಳು. “ಮನೇಲಿ ಕಿರುಚಿದ್ರೆ ಮಾತ್ರ ಯಾರೂ ತಾಳ ಹಾಕಲ್ಲ.”

ಧಣಿಗೆ ಯಂತ್ರ ಸಾಗಿಸುವುದನ್ನು ಗಿರಾಕಿಗಳಿಗೆ ಫೋನಿನಲ್ಲೇ ನೇರವಾಗಿ ತೋರಿಸುವ ಚಟ. ಎರಡು ಸಲ, ಭಾವ ಕೂಗಿದೊಡನೆ ಚಿತ್ರ ನಿಂತಿತು. ಈ ಸದ್ದು ಹಾಡಿನ ಕಂಪನಿಯ ಸ್ವತ್ತು, ಅನುಮತಿಯಿಲ್ಲದೆ ಬಳಸುವಂತಿಲ್ಲ ಎಂದು ನೋಟೀಸು ಬಂತು. ಅಂದಿನಿಂದ ಮೂಗರಂತೆ ಎತ್ತಿದೆವು. ಬೆನ್ನುಗಳು ಒಟ್ಟಿಗೆ ಏಳದೆ, ನಮ್ಮ ಆರು ಜನರಲ್ಲೊಬ್ಬನಾದ ಕುಳ್ಳನ ಕೈ ಯಂತ್ರದಡಿ ಸಿಕ್ಕಿತು. ನೆಲಕ್ಕೆ ಮರಳು ಚೆಲ್ಲಿ ಅವನ ಜಾಗಕ್ಕೆ ಹೊಸಬನನ್ನು ನಿಲ್ಲಿಸಿದರು. ನಾನು ಏನಾದರೂ ಹೇಳಬೇಕಿತ್ತೇನೋ. ತೊಲೆಗೆ ಹೆಗಲು ಕೊಟ್ಟೆ.

“ಕೂಗದೆ ಹೆಂಗೆ ಎತ್ತೋದು ಧಣಿ?” ಇವತ್ತು ಮೇಸ್ತ್ರಿಯ ಬೈಗುಳ ಮುಗಿದೊಡನೆ ಭಾವ ಬಾಗಿಕೊಂಡೇ ಕೇಳಿದ.

“ಅದಕ್ಕೇ ಕಂಪ್ನಿಯವ್ರ ಪರ್ಮಿಷನ್ ತಗೊಂಡಿದೀನಿ. ಹಾಡು ಹಾಕ್ತೀವಿ, ಅದಕ್ಕೇ ಎತ್ತಿ. ನಿನ್ನ ಧ್ವನಿನೇ ಅಲ್ವೇನಯ್ಯಾ?”

“ಇನ್ಮೇಲೆ ನಿನ್ನ ಗಂಟ್ಲಿಗೆ ರಜ ಕಣೋ,” ಮೇಸ್ತ್ರಿ ನಕ್ಕ.

ಧಣಿ ಗಿರಾಕಿಗಳಿಗೆ ತೋರಿಸಲು ಫೋನು ಎತ್ತಿ ಹಿಡಿದ. ಸ್ಪೀಕರಿನಲ್ಲಿ ಡೋಲು ಗುದ್ದಿತು. “ಏರ್‌ಲೋ ಹೈಸಾ!” ಎತ್ತಿದೆವು. ಅಂಗಳ ದಾಟಿ ಕಟ್ಟೆಯ ಮೇಲೆ ಬಂದು ನಿಂತೆವು. ಹಾಡು “ಏರ್‌ಲೋ ಹೈಸಾ, ಏರ್‌ಲೋ ಹೈಸಾ” ಎನ್ನುತ್ತಲೇ ಇತ್ತು. ಇಳಿಸುವುದಕ್ಕೆ ನಮ್ಮಲ್ಲಿ ಬೇರೆ ಕೂಗು: “ಇಳೀಲೋ ಮೆಲ್ಲ.” ಮೈಕಿನವನಿಗೆ ಅದು ಬೇಕಾಗಿರಲಿಲ್ಲ.

“ಇಳ್ಸ್ರೋ!” ಎಂದ ಮೇಸ್ತ್ರಿ.

ಮೊದಲು ಮಂಡಿ ಬಗ್ಗಿಸಿದವನ ಮೇಲೇ ಭಾರವೆಲ್ಲ ಬೀಳುತ್ತದೆ. ಯಾರೂ ಬಗ್ಗಿಸಲಿಲ್ಲ.

“ಇಳ್ಸೋ ಕೂಗು ಕೂಗೋ ಲೇ! ಯಂತ್ರ ಬಿದ್ರೆ ನಿಮ್ಮಪ್ಪ ಕೊಡ್ತಾನಾ?”

“ಫೋನ್ ಆರ್ಸಿ. ಕೂಗ್ತೀನಿ.”

“ಏನಂದೆ?”

“ಇದೊಂದು ಇನ್ನೂ ನಂದು, ಮೇಸ್ತ್ರಿ. ಅದರ ಮುಂದೆ ಕೂಗಲ್ಲ.”

ಮೇಸ್ತ್ರಿ ಹಾಡನ್ನಷ್ಟೇ ನಿಲ್ಲಿಸಿದ; ಧಣಿಯ ಫೋನು ಆರಲಿಲ್ಲ. ನನ್ನ ಹೆಗಲು ಆಗಲೇ ಮರಗಟ್ಟಿತ್ತು, ನೋವೂ ಇರಲಿಲ್ಲ. ಹೊಸಬನ ಕಾಲು ನಡುಗುವುದು ಮಾತ್ರ ತೊಲೆಯ ಮೂಲಕ ತಿಳಿಯುತ್ತಿತ್ತು.

“ಕೂಗಯ್ಯಾ, ಕೂಗು. ಜನ ನೋಡ್ತಿದಾರೆ,” ಎಂದು ಧಣಿ ಹತ್ತಿರ ಬಂದು, ಫೋನನ್ನು ಭಾವನ ಬಾಯಿಗೇ ಹಿಡಿದ.

ಭಾವ ತುಟಿ ಬಿಗಿದ.