ಕುಂಕುಮ ಹಚ್ಚಿದ ಅಲಗುಗಳು

೧
ಎಲ್ಲಿಂದ ಶುರು ಮಾಡಲಿ? ‘೧೯೫೬ರ ದಸರೆಗೆ ಮುಂಬಯಿಯ ಆಕಾಶ ತಿಳಿಯಾಗಿತ್ತು’ ಎಂದು ಬರೆದೆ, ಹೊಡೆದುಹಾಕಿದೆ. ಆಕಾಶದಿಂದ ಹೊರಟ ಕಥೆ ನೆಲಕ್ಕೆ ಇಳಿಯುವಷ್ಟರಲ್ಲಿ ಓದುಗರು ಮಾಟುಂಗಾದಲ್ಲೇ ಇಳಿದು ಮನೆಗೆ ಹೋಗಿರುತ್ತಾರೆ. ನನ್ನ ಕಥೆ ಇರುವುದು ನೆಲದಿಂದ ಮೂರು ಇಂಚು ಮೇಲೆ, ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಹುಲ್ಲು ಕತ್ತರಿಸುವ ಯಂತ್ರದ ಹೊಟ್ಟೆಯೊಳಗೆ.

೧ (ಮತ್ತೊಮ್ಮೆ)
ಸಯನ್ ಆಚೆ ಒಂದು ಕಂಪನಿಯ ಮೈದಾನ. ವಿಜಾಪುರ ಕಡೆಯ ಪರಪ್ಪ ಅಲ್ಲಿ ಮಷಿನ್ ನೋಡಿಕೊಳ್ಳುತ್ತಿದ್ದ, ಉಡುಪಿ ಕಡೆಯ ಪೂವಪ್ಪ ಟ್ರ್ಯಾಕ್ಟರ್ ಓಡಿಸುತ್ತಿದ್ದ. ದಸರೆ ಮುಗಿದ ಮೂರನೇ ದಿನ ಕಂಪನಿಯ ಆಟೋಟ. ಮೈದಾನ ಒಪ್ಪವಾಗಿದ್ದರೆ ಇಬ್ಬರನ್ನೂ ಕಾಯಂ ಮಾಡಿಸುತ್ತೇನೆ ಎಂದು ಕೆಲಸಗಾರರ ಮೇಲಿನ ಮುಕಾದಮ ಮಾತು ಕೊಟ್ಟಿದ್ದ. ಮಹಾನವಮಿಯ ಹಿಂದಿನ ದಿನ ಪರಪ್ಪ ಯಂತ್ರದ ಕೆಳಗೆ ಕೈ ಹಾಕಿ—

“ಏ ತಮ್ಮಾ, ನಿಂದರು. ಮೊದಲ ಎಂಜಿನ್ ಬಂದ್ ಮಾಡ್ಸು. ಚಾವಿ ನನ್ನ ಕಿಸೆದಾಗ ಇಡು. ಆಮ್ಯಾಲೆ ಕೈ ಹಾಕ್ಸು.”

(ನೋಡಿದಿರಾ? ಪಾತ್ರ ಲೇಖಕನಿಗೆ ಕೆಲಸ ಕಲಿಸುತ್ತಿದೆ. ನಾನು ಜನ್ಮದಲ್ಲಿ ಪೆನ್ಸಿಲ್ ಬಿಟ್ಟು ಬೇರೇನನ್ನೂ ಹರಿತ ಮಾಡಿದವನಲ್ಲ.)

ಚಾವಿ ಕಿಸೆಗೆ ಬಂತು. ಯಂತ್ರವನ್ನು ಎತ್ತಿ ಅಡಿಗೆ ಮರದ ದಿಮ್ಮಿ ಕೊಟ್ಟದ್ದಾಯಿತು. ಅಲಗು ತಿರುಗದ ಹಾಗೆ ಒಂದು ಕಟ್ಟಿಗೆ ತುರುಕಿದ. ಮಳೆಗಾಲಕ್ಕೆ ತುಕ್ಕು ಹಿಡಿದ ಬೋಲ್ಟಿಗೆ ಸೀಮೆಎಣ್ಣೆ ಸುರಿದು, ಒಂದು ಬೀಡಿ ಮುಗಿಯುವ ತನಕ ಕಾದು, ಪಾನಾ ಹಾಕಿ ತಿರುಗಿಸಿ ಬಿಚ್ಚಿದ. ಅಂಟಿದ ಒಣಹುಲ್ಲು ಕೆರೆದು ಅರದಿಂದ ಅಂಚು ಮಸೆದ. ಕೊನೆಗೆ ಒಂದೊಂದೇ ಅಲಗನ್ನು ನಡುವಿನ ತೂತಿನಿಂದ ಮೊಳೆಗೆ ತೂಗುಹಾಕಿ, ಯಾವ ತುದಿ ಜಗ್ಗುತ್ತದೋ ಆ ತುದಿಯನ್ನು ಇನ್ನಷ್ಟು ಉಜ್ಜಿದ.

“ತೂಕ ತಪ್ಪಿದರ ಮಷಿನ್ ನಡಗತದ. ಇದನ್ನೂ ಬರಿ,” ಎಂದ.

ಬರೆದೆ.

೨
ಪೂಜೆಯ ದಿನ ಪರಪ್ಪನ ಹೆಂಡತಿ ರುದ್ರವ್ವ ಆಂಟಾಪ್ ಹಿಲ್‌ನ ಚಾಳಿನಿಂದ ತಾಟು ಹಿಡಿದು ಬಂದಳು. ಅಲಗುಗಳನ್ನು ಮಣೆಯ ಮೇಲಿಟ್ಟು, ಅವುಗಳ ನುಣುಪಾದ ಮುಖಕ್ಕೆ ವಿಭೂತಿ, ಕುಂಕುಮ ಹಚ್ಚಿದಳು.

“ಇದು ಖಂಡೇಪೂಜಿ ಪೂವಪ್ಪಾ, ಕೈ ಮುಗಿ.”

“ನಮ್ಮಲ್ಲಿ ಆಯುಧಪೂಜೆ ಅಂತ ಹೇಳುದು, ಅಕ್ಕ. ಹೆಸರು ಎಂತದ್ದಾದರೂ ಆಗ್ಲಿ, ಅವಲಕ್ಕಿ ಉಂಟಲ್ಲ?”

(ಇಲ್ಲಿ ಊದುಬತ್ತಿಯ ಪರಿಮಳದ ಬಗ್ಗೆ ಒಂದು ಪ್ಯಾರಾ ಇತ್ತು. ಬರೀ ಸೀಮೆಎಣ್ಣೆ ವಾಸನೆ ಇತ್ತು ಎಂದು ಪರಪ್ಪ ತೆಗೆಸಿದ. ಆದರೂ ಆ ಮೂವರು ಹುಲ್ಲಿನ ಮೇಲೆ ಕೂತು ಅವಲಕ್ಕಿ ತಿಂದ ಗಳಿಗೆ ನೆನೆದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಇನ್ನೂ ಸ್ವಲ್ಪ ಹೊತ್ತು ಅವರನ್ನು ಅಲ್ಲೇ ಕೂರಿಸಬಹುದಿತ್ತು.)

ದಸರೆ ಮುಗಿದ ಎರಡನೇ ದಿನ ಜೋಡಿಸುವ ಕೆಲಸ. ನುಣುಪು ಮುಖ ಕೆಳಗೆ, ತುದಿಯ ಬಾಗಿದ ಕಿವಿ ಮೇಲೆ, ಇದು ನಿಯಮ. ಪರಪ್ಪನಿಗೆ ಗೊತ್ತಿತ್ತು. ಆದರೆ ಹಾಗೆ ಹಾಕಿದರೆ ಕುಂಕುಮದ ಮುಖ ಮಣ್ಣಿಗಾಗುತ್ತದೆ. ಪೂಜೆ ಮಾಡಿದ ಮುಖವನ್ನು ಮಣ್ಣಿಗೆ ಒರೆಸಲು ಅವನ ಕೈ ಬರಲಿಲ್ಲ. ಅಂಚು ಹೇಗಿದ್ದರೂ ಅಂಚೇ ಅಲ್ಲವೇ ಎಂದುಕೊಂಡು, ಮಗುಚಿ ಕೂಡಿಸಿದ.

“ಸರಿ ಉಂಟಾ, ಪರಪ್ಪಣ್ಣ?” ಟ್ರ್ಯಾಕ್ಟರಿನ ಮೇಲಿನಿಂದ ಪೂವಪ್ಪ ಕೇಳಿದ.

“ಉಂಟು ಮಾರಾಯ,” ಎಂದ ಪರಪ್ಪ, ಅವನದೇ ಧಾಟಿಯಲ್ಲಿ.

೪ (ಮೂರನ್ನು ಹರಿದುಹಾಕಿದ್ದೇನೆ. ಅದರಲ್ಲಿ ನಾನು ತತ್ವ ಹೇಳಿದ್ದೆ.)
ಮಗುಚಿದ ಅಲಗಿನ ಮೊಂಡು ಬೆನ್ನು ತಾಗಿ ಹುಲ್ಲು ತುಂಡಾಗಲಿಲ್ಲ, ಮಲಗಿತು. ಆ ಸಂಜೆಯ ಮಬ್ಬಿನಲ್ಲಿ ತಲೆ ಬಾಚಿದಂತೆ ಕಂಡ ಮೈದಾನವನ್ನು ನೋಡಿ ಮುಕಾದಮ ಬೆನ್ನು ತಟ್ಟಿದ. ಮರುದಿನ, ಆಟೋಟದ ಬೆಳಿಗ್ಗೆ ಬಿಸಿಲೇರಿದಂತೆ, ಸಾಹೇಬರ ಕುರ್ಚಿಗಳ ಮುಂದೆ ಹುಲ್ಲು ಒಂದೊಂದಾಗಿ ಎದ್ದು ನಿಂತಿತು. ಮುಕಾದಮ ಯಂತ್ರದ ಕೆಳಗೆ ಬಗ್ಗಿ ನೋಡಿದ. ಅಲಗು ಕೂಡಿಸಿದವನು ಯಾರು ಎಂದು ಕೂಗಿದ.

ಪರಪ್ಪ ಎದ್ದುನಿಂತ ಹುಲ್ಲನ್ನೇ ನೋಡಿದ. ಚಾಳಿನ ಖೋಲಿ, ಇಬ್ಬರು ಮಕ್ಕಳು, ರುದ್ರವ್ವ, ಎಲ್ಲ ಕಣ್ಣ ಮುಂದೆ ಬಂದರು.

“ಮೈನೇ ಲಗಾಯಾ, ಸಾಬ್,” ಎಂದ ಪೂವಪ್ಪ, ಕೂಡಿಸಿದವನು ತಾನೇ ಎಂದು ಒಪ್ಪಿಕೊಂಡು.

ಅಂತ್ಯ ಅ: ಮುಕಾದಮ ನಕ್ಕು ಕ್ಷಮಿಸಿದ. (ನೀವು ಮುಕಾದಮರನ್ನು ಕಂಡಿಲ್ಲ, ಬಿಡಿ.)

ಅಂತ್ಯ ಆ: ಎಷ್ಟೋ ವರ್ಷದ ಮೇಲೆ ದಹಿಸರ್‌ನ ಒಂದು ಹೋಟೆಲಿನ ಗಲ್ಲಾದಲ್ಲಿ ಪೂವಪ್ಪ ಕೂತಿದ್ದ. ಪರಪ್ಪನೂ ಅವನೂ ತಬ್ಬಿಕೊಂಡರು.

“ಸುಳ್ಳು ಬರೀಬ್ಯಾಡ. ದಹಿಸರ್ ತನಕಾ ಹೋಟೆಲ್ ಹೋಟೆಲ್ ತಿರುಗಿ ಕೇಳೀನಿ. ಸಿಗಲಿಲ್ಲ.” ಪರಪ್ಪನ ದನಿ ಇಳಿಯಿತು. “ಅಂವನ್ನ ತಗದ್ರು, ನಾ ಕಾಯಂ ಆದೆ. ಆ ನೌಕರಿ ಅನ್ನಾ ಉಂಡೆ. ವರ್ಷಾ ವರ್ಷಾ ಅಲಗು ಬಿಚ್ಚಿ ಕೂಡ್ಸೀನಿ, ಕುಂಕುಮ ಮಾತ್ರ ಹಚ್ಚಗೊಟ್ಟಿಲ್ಲ. ನೀ ಬರ್ಯಾಂವ ಇದ್ದೀ. ‘ನಾನ ಕೂಡ್ಸಿದ್ದು’ ಅಂತ ಒಂದ ಮಾತು ನನ್ನ ಬಾಯಾಗ ಹಾಕು.”

ಹಾಕಬಹುದು. ಎರಡೇ ಶಬ್ದ. ಆದರೆ ನಾನು ಹಾಕಿದರೆ ಅದು ನನ್ನ ಧೈರ್ಯವಾಗುತ್ತದೆ, ಪರಪ್ಪಣ್ಣ. ನಿನ್ನದಾಗುವುದಿಲ್ಲ. ಇಷ್ಟು ಮಾತ್ರ ನನ್ನ ಕೈಲಾಗುತ್ತದೆ: ಮುಕಾದಮ ಹೋಗೆಂದಿದ್ದಾನೆ, ಪೂವಪ್ಪ ಹೊರಟಿದ್ದಾನೆ. ಮೈದಾನ ದೊಡ್ಡದು. ಬೇಕಾದರೆ ಇನ್ನಷ್ಟು ದೊಡ್ಡದು ಮಾಡುತ್ತೇನೆ. ಅವನು ಗೇಟು ದಾಟಿದ ಎಂಬ ವಾಕ್ಯವನ್ನು ನಾನು ಬರೆಯುವುದಿಲ್ಲ.

ಕೂಗು, ಪರಪ್ಪಣ್ಣ. ಅವನಿಗೆ ಇನ್ನೂ ಕೇಳಿಸುತ್ತದೆ.