ಎದ್ದು ಓಡುವವರ ಕುರ್ಚಿ

ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿಗಳಲ್ಲಿ ಊರವರೆಲ್ಲರ ಕೂದಲು ಸುತ್ತಿಕೊಂಡಿರುತ್ತದೆ. ಅದನ್ನು ಬ್ಲೇಡಿನಿಂದ ಕೊಯ್ದು ತೆಗೆಯುವುದು ನಮ್ಮ ದಿನದ ಮೊದಲ ಕೆಲಸ. ನನ್ನ ಜೊತೆ ಕುರ್ಚಿ ತಳ್ಳುವ ದೊಡ್ಡಕ್ಕ ಒಂದನ್ನು ಮಗುಚಿ ಹಿಡಿದಳು, ನಾನು ಕೊಯ್ದೆ. ನೇರ ಕೂದಲು, ಗುಂಗುರು, ಬಣ್ಣ ಹಾಕಿದ್ದು. ವಿಮಾನ ನಿಲ್ದಾಣಕ್ಕೆ ಹದಿನಾಲ್ಕು ಕುರ್ಚಿ ಅಂತ ಬೋರ್ಡಿನಲ್ಲಿದೆ. ಉರುಳುವವು ಒಂಬತ್ತು.

"ಏನ್ ಹೆಣ ಕಾಯ್ತಿದೀರಾ ಇಬ್ರೂ? ಬೇಗ ಮುಗ್ಸಿ," ಎನ್ನುತ್ತ ಸೂಪರ್‌ವೈಸರ್ ಬಂದ. "ದೊಡ್ಡವರ ಪಾರ್ಟಿ ಇದೆ, ಮದುವೆಗೆ ಹೊರಟಿದಾರೆ. ಒಂಬತ್ತು ಚೇರೂ ಅವರಿಗೇ."

"ಒಂಬತ್ತು ಜನಕ್ಕೂ ಕಾಲಿಲ್ವಾ?" ದೊಡ್ಡಕ್ಕ ಕೇಳಿದಳು.

"ಕಾಲಿದ್ಯೋ ಬಾಲ ಇದ್ಯೋ ನಿಂಗ್ಯಾಕೆ? ಟಿಕೆಟ್ಟಲ್ಲಿ ಬರೆಸಿದಾರೆ. ತಳ್ಳು ಅಂದ್ರೆ ತಳ್ಳು, ಮುಂಡೇದೇ."

ಕುರ್ಚಿ ಬೇಕು ಎಂದು ಬರೆಸಿದವರಿಗೆ ಎಲ್ಲೂ ಸಾಲಿನಲ್ಲಿ ನಿಲ್ಲುವ ಕಷ್ಟವಿಲ್ಲ. ಪೊಲೀಸರು ಹಗ್ಗ ಬಿಚ್ಚುತ್ತಾರೆ, ವಿಮಾನಕ್ಕೂ ಅವರೇ ಮೊದಲು ಹತ್ತುತ್ತಾರೆ. ಇಳಿದ ಮೇಲೆ ಸೂಟ್‌ಕೇಸ್ ಕಾಣುತ್ತಲೇ ಹತ್ತರಲ್ಲಿ ಎಂಟು ಜನ ಎದ್ದು ಓಡುತ್ತಾರೆ. "ಮೋಡದಲ್ಲಿ ಅದೇನು ಮದ್ದಿದ್ಯೋ," ಅನ್ನುತ್ತಾಳೆ ದೊಡ್ಡಕ್ಕ, "ಹತ್ತುವಾಗ ಹೆಣ, ಇಳಿಯುವಾಗ ಕುದುರೆ."

ಮದುವೆಯವರು ಶಾಂತಿ ಕೋಣೆಯಲ್ಲಿ ಕೂತು ಗಹಗಹಿಸುತ್ತಿದ್ದರು. ಗದ್ದಲ, ಬೆಳಕು ತಡೆಯಲಾರದವರಿಗೆಂದು ಮಾಡಿದ ಕೋಣೆ ಅದು. ಹೋದ ತಿಂಗಳು ಒಬ್ಬ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಅದರ ಬಾಗಿಲಿಗೆ ಹಣೆ ಒತ್ತಿ ನಡುಗುತ್ತ ನಿಂತಿದ್ದಳು. ಅವಳಮ್ಮ ಬಾಗಿಲು ಬಡಿದಳು. ಒಳಗೆ ಚಿಲಕ ಹಾಕಿಕೊಂಡು, ಉಂಡದ್ದು ಕರಗಲೆಂದು ನಮ್ಮ ಸೂಪರ್‌ವೈಸರ್ ಗೊರಕೆ ಹೊಡೆಯುತ್ತಿದ್ದ.

ಮದುವೆಯವರ ಚೀಟಿ ತರಲು ಕೌಂಟರಿಗೆ ಹೋದಾಗ ಪಕ್ಕದ ಕಬ್ಬಿಣದ ಬೆಂಚಿನ ಮೇಲೆ ಒಬ್ಬ ಹೆಂಗಸನ್ನು ಕಂಡೆ. ಮೂವತ್ತೈದರ ಆಸುಪಾಸು. ಬೆರಳ ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಕಪ್ಪು ಚುಕ್ಕಿ. ಸೊಂಟದಿಂದ ಕೆಳಗೆ ಚಲನೆಯಿಲ್ಲ. ಬ್ಯಾಟರಿಯ ಸ್ವಂತ ಕುರ್ಚಿಯಲ್ಲಿ ಬಂದಿದ್ದಳು. ಕೌಂಟರಿನವರು ಅದನ್ನು ಕಿತ್ತುಕೊಂಡು ಕೆಳಗೆ ಕಳಿಸಿ, ಇಲ್ಲಿನ ಕುರ್ಚಿ ಈಗ ಬರುತ್ತದೆ ಎಂದಿದ್ದರು.

"ನನ್ನ ಕಾಲು ಲಗೇಜಿಗೆ ಹೋಯ್ತು ತಂಗಿ. ಚೀಟಿ ಕೊಟ್ಟಿದಾರೆ ನೋಡು," ಎಂದು ತೋರಿಸಿದಳು. "ಒಂದೂಕಾಲು ಗಂಟೆಯಿಂದ ‘ಬಂತು, ಬಂತು’ ಅಂತಿದಾರೆ. ಹೆರಿಗೆ ಆಸ್ಪತ್ರೇಲೂ ಇಷ್ಟು ಸಲ ಹೇಳಲ್ಲ."

ನಾನು ನೀರಿನ ಬಾಟಲಿ ಚಾಚಿದೆ. ಅವಳು ತಲೆಯಾಡಿಸಿದಳು.

"ನಿನ್ನೆ ಸಂಜೆಯಿಂದ ಕುಡಿದಿಲ್ಲ. ವಿಮಾನದ ಕಕ್ಕಸು ಬೀರುವಿಗಿಂತ ಚಿಕ್ಕದು. ಹೋದ ಸಲ ಗೊತ್ತಾಯ್ತು. ಕೆಳಗೆ ದಾರಿ ಇಲ್ದಿದ್ಮೇಲೆ ಮೇಲೂ ಬೀಗ."

ಹೋದ ಸಲ ಹೋದದ್ದು ಸಂದರ್ಶನಕ್ಕೆ. ಹೊಲಿಗೆ ಶಾಲೆಯಲ್ಲಿ ಕಲಿಸುವ ಕೆಲಸ, ಸಿಕ್ಕಿತ್ತು. ಇವತ್ತು ಮೂರು ಗಂಟೆಯೊಳಗೆ ಹೋಗಿ ಸಹಿ ಹಾಕದಿದ್ದರೆ ಪಟ್ಟಿಯಲ್ಲಿ ಮುಂದಿರುವವಳ ಪಾಲು. "ಅವಳಿಗೆ ಎರಡೂ ಕಾಲು ನೆಟ್ಟಗಿದೆ. ಓಡಿ ಬರ್ತಾಳೆ," ಎಂದಳು.

ನಾನು ಸೂಪರ್‌ವೈಸರನ್ನು ಕರೆತಂದೆ. ಅವನು ಅವಳ ಮುಂದೆ ನಿಂತು ನನ್ನನ್ನು ಕೇಳಿದ: "ಇದಿನ್ನೂ ಇಲ್ಲೇ ಇದ್ಯಾ? ಲಗೇಜ್ ಟ್ರಾಲಿ ಇದೆಯಲ್ಲ, ಅದರ ಮೇಲೆ ಹಾಕಿ ತಳ್ಕೊಂಡು ಹೋಗು."

"ಸ್ವಾಮಿ, ನನ್ನ ಕಿವಿ ನೆಟ್ಟಗಿದೆ, ನಂಗೇ ಹೇಳಿ," ಎಂದಳು ಅವಳು. "ಸೂಟ್‌ಕೇಸಿಗೆ ಹಿಡಿ ಇರುತ್ತೆ. ನಂಗೆಲ್ಲಿ ಹಾಕಿಸ್ತೀರಾ?"

ಅವನು ಆಗಲೂ ನನ್ನನ್ನೇ ನೋಡಿದ. "ಬಾಯಿಗೇನೂ ಕಮ್ಮಿ ಇಲ್ಲ. ಸಂಜೆ ವಿಮಾನಕ್ಕೆ ಹೋಗ್ಲಿ ಬಿಡು. ಇಂಥವಕ್ಕೇನು ಆಫೀಸಾ, ಕಚೇರಿಯಾ. ನೀನು ನಡಿ, ಯಜಮಾನ್ರು ಕಾಯ್ತಿದಾರೆ."

ಅವಳು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮುಖ ಮಾತ್ರ ಹಾಗೆಯೇ ಇತ್ತು.

ಮದುವೆ ಪಾರ್ಟಿಯ ಯಜಮಾನ ನನ್ನ ಪಾಲಿಗೆ ಬಂದ. ಶಾಂತಿ ಕೋಣೆಯಿಂದ ದಾಪುಗಾಲಲ್ಲಿ ಬಂದು ಕುರ್ಚಿಯಲ್ಲಿ ಕೂತು, ಕೂತ ಮೇಲೆ ನರಳಿದ. ಅವನ ಹಿಂದೆ ದೊಡ್ಡಕ್ಕ ಅವನ ಹೆಂಡತಿಯನ್ನು ತಳ್ಳುತ್ತ ಬಂದಳು. ಅವಳ ಹಿಂದೆ ಇನ್ನೂ ಏಳು ಕುರ್ಚಿ. ಸಾಲಿನಲ್ಲಿದ್ದವರು ದಾರಿ ಬಿಟ್ಟರು. ಕೆಲವರು ಪಾಪ ಅಂದರು.

ತಪಾಸಣೆಯ ಬಾಗಿಲಲ್ಲಿ ಪೊಲೀಸಿನವನು, "ನಿಲ್ಲೋಕಾಗುತ್ತಾ ಸಾರ್?" ಎಂದು ಕೇಳಿದ. ಆಗುತ್ತಿತ್ತು. ಯಜಮಾನ ಎದ್ದು, ಬೆಲ್ಟು ಬಿಚ್ಚಿ ತಟ್ಟೆಗೆ ಹಾಕಿ, ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತು ಬೂಟು ಕಳಚಿದ. ಆಮೇಲೆ ಎರಡೂ ಕೈ ಮೇಲೆತ್ತಿದ.

ಕುರ್ಚಿ ಖಾಲಿಯಿತ್ತು. ಬೆಂಚಿನ ಮೇಲಿದ್ದವಳ ಹೆಸರು ಕೂಗಿ, ಅವಳ ವಿಮಾನದ ಕಡೆಯ ಕರೆ ಮೈಕಿನಲ್ಲಿ ಬಂತು.

ಎರಡು ವರ್ಷದಲ್ಲಿ ನಾನು ಪ್ರಯಾಣಿಕರ ಜೊತೆ ಆಡಿದ ಮಾತು ಒಂದು ಬೊಗಸೆಯಷ್ಟೂ ಇಲ್ಲ. ಆಗಲೂ ಆಡಲಿಲ್ಲ. ಕುರ್ಚಿ ತಿರುಗಿಸಿಕೊಂಡು ಬೆಂಚಿನ ಕಡೆ ಹೊರಟೆ.

"ಏಯ್, ನನ್ನ ಚೇರು," ಎಂದ ಯಜಮಾನ. ಬೆಲ್ಟಿಲ್ಲದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಓಡಿ ಬಂದ. ಆಮೇಲೆ ನೆನಪಾಗಿ ಕುಂಟತೊಡಗಿದ.

"ಆ ಕಾಲಲ್ಲ ಯಜಮಾನ್ರೇ," ಎಂದಳು ದೊಡ್ಡಕ್ಕ. "ಬೆಳಿಗ್ಗೆ ಇನ್ನೊಂದು ನೋಯ್ತಿತ್ತು."

ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು, ಕೆಮ್ಮಿದ ಹಾಗೆ ಮಾಡಿದರು.

ಸೂಪರ್‌ವೈಸರ್ ಎದುರಿನಿಂದ ಓಡಿ ಬಂದು ಕುರ್ಚಿಯ ಎರಡೂ ತೋಳು ಹಿಡಿದ. ಅವನ ಮುಖ ನನ್ನ ಮುಖದ ಹತ್ತಿರ ಬಂತು. ಹಲ್ಲು ಕಚ್ಚಿಕೊಂಡೇ ಮಾತಾಡಿದ.

"ತಿಂದಿದ್ದು ಕೊಬ್ಬಾಯ್ತೇನೇ? ನಾಳೆಯಿಂದ ಏನ್ ಮಣ್ಣು ತಿಂತೀಯಾ? ತಿರುಗಿಸು."

ನಾನು ತಳ್ಳಿದೆ. ಅವನೂ ತಳ್ಳಿದ. ಕುರ್ಚಿ ಆ ಕಡೆಗೂ ಹೋಗಲಿಲ್ಲ, ಈ ಕಡೆಗೂ ಬರಲಿಲ್ಲ. ಅವನ ಹೆಗಲಾಚೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಅವಳು ಬೆಂಚಿನ ತುದಿಗೆ ಸರಿದು, ಚೀಲವನ್ನು ಕೊರಳಿಗೆ ಹಾಕಿಕೊಂಡು ಸಿದ್ಧವಾಗಿದ್ದಳು. ನನ್ನ ಹಿಂದೆ ಎಂಟು ಕುರ್ಚಿಗಳು ನಿಂತುಬಿಟ್ಟಿದ್ದವು. ಪೊಲೀಸಿನವನು ಯಜಮಾನನ ಬೂಟಿನ ತಟ್ಟೆ ನೋಡುತ್ತಿದ್ದ. ಸಾಲಿನವರು ಅವರವರ ಫೋನು ನೋಡುತ್ತಿದ್ದರು. ಮೈಕು ಅವಳ ಹೆಸರನ್ನು ಎರಡನೇ ಸಲ ಕೂಗಿತು.

"ಕೈ ತೆಗೀರಿ ಸಾರ್," ಎಂದೆ.