ಎರಡು ವರ್ಷ ಚಿಕ್ಕವಳು

ಹಸಿರು ಶಾಯಿಯ ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಮುಚ್ಚಿಬಿಟ್ಟರು, ಸಹಿ ಮಾಡಲಿಲ್ಲ — ಹೊಸನಗರದಲ್ಲಿ ಗೆಜೆಟೆಡ್ ಸಹಿಗೆ ಸುಲಭವಾಗಿ ಸಿಗುವವರು ಈ ದನದ ಡಾಕ್ಟರೊಬ್ಬರೇ, ಹೊರಗೆ ಯಾರದೋ ಎಮ್ಮೆ ಅರಚುತ್ತಿದೆ, ಏನಮ್ಮಾ ಇದು, ಅರ್ಜೀಲಿ ಹುಟ್ಟಿದ್ದು ಅರವತ್ಮೂರು ಅಂತ ಬರ್ದೀರಿ, ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಅರವತ್ತೈದಿದೆ, ನಿಮ್ ತಂಗಿ ಎರಡ್ಸಲ ಹುಟ್ಟಿದ್ಲಾ? ಕಂಪೌಂಡರೂ ನಕ್ಕ. ಅರ್ಜಿ ತುಂಬಿದವಳು ನಾನೇ, ಬಿ.ಎ. ಪಾಸಾದವಳು, ಮನೋರಮಾ ಹುಟ್ಟಿದ್ದು ಯಾವಾಗೆಂದು ಕಾರ್ಡು ನೋಡಿ ಬರೆಯಬೇಕೆಂದು ಹೊಳೆಯಲೇ ಇಲ್ಲ, ತೊಟ್ಟಿಲು ತೂಗಿದವಳಲ್ಲವೇ — ಈ ಕಾಲೇಜಿಗೆ ಡಿಸೆಂಬರೊಳಗೆ ಹದಿನೇಳು ತುಂಬ್ಬೇಕಮ್ಮ, ಕಾರ್ಡಿನ ಪ್ರಕಾರ ತುಂಬಲ್ಲ, ಮುಂದಿನ್ವರ್ಷ ಹಾಕ್ಲಿ ಬಿಡಿ, ಬುದ್ಧಿವಂತೆ ಅಂತೀರಿ. ಮುಂದಿನ ವರ್ಷ. ಗಂಡಸರಿಗೆ ಎಷ್ಟು ಸಲೀಸಾಗಿ ಬರುತ್ತದೆ ಆ ಮಾತು.

ಬಸ್ಸಿನಲ್ಲಿ ಅರ್ಜಿ ತೊಡೆಯ ಮೇಲೆ, ಮಡಚಲೂ ಮನಸ್ಸಿಲ್ಲ, ಡೆಲ್ಲಿಯ ಮೆಡಿಕಲ್ ಕಾಲೇಜು, ಇಡೀ ದೇಶಕ್ಕೆ ಬೆರಳೆಣಿಕೆಯಷ್ಟೇ ಸೀಟಂತೆ, ಸಾಗರದಲ್ಲಿ ಅವಳಿಗೆ ಪಾಠ ಹೇಳುವ ಲೆಕ್ಚರರು ತಾವೇ ಫಾರಂ ತರಿಸಿಕೊಟ್ಟು, ಈ ಹುಡುಗಿಗೆ ಸಿಗ್ದೆ ಇನ್ಯಾರಿಗ್ರೀ ಸಿಗ್ತದೆ ಎಂದಿದ್ದರು. ಕಣ್ಣ ಮುಂದೆ ಎಪ್ಪತ್ತನೇ ಇಸವಿ, ಊರ ಶಾಲೆ, ಹೇರಂಬ ಮೇಷ್ಟ್ರ ಮೇಜು, ಹಳ್ಳ ದಾಟಿ ಕಳಿಸಲು ಹೆದರಿ ಏಳು ತುಂಬುವವರೆಗೂ ಮನೆಯಲ್ಲೇ ಇದ್ದವಳು ಮನೋರಮಾ, ಗೋಡೆಯ ಮೇಲಿನ ಗಾದೆಗಳನ್ನೆಲ್ಲ ಗಡಗಡ ಓದಿದ್ದಕ್ಕೆ ಮೇಷ್ಟ್ರು ಸೀದಾ ಎರಡನೇ ಕ್ಲಾಸಿಗೆ ಹಾಕಿದರು, ಅಪ್ಪಯ್ಯ ಮುಂದಕ್ಕೆ ಬಾಗಿ, ಎರಡು ವರ್ಷ ಕಮ್ಮಿ ಬರ್ಕೊಳ್ಳಿ ಮೇಷ್ಟ್ರೇ, ನಾಳೆ ಟೀಚರ್ ಗೀಚರ್ ಆದ್ರೆ ಸರ್ವೀಸು ಜಾಸ್ತಿ ಸಿಗ್ತದಲ್ಲ, ಅದಕ್ಕೇನ್ ರಾಯ್ರೇ, ಎಲ್ರಿಗೂ ಹಂಗೇ ಬರ್ಯೋದು — ಪಕ್ಕದಲ್ಲಿ ನಿಂತಿದ್ದೆ, ಅಪ್ಪಯ್ಯನ ಜಾಣತನಕ್ಕೆ ಹೆಮ್ಮೆಪಟ್ಟಿದ್ದೆ. ಟೀಚರ್! ಅವಳ ಬಗ್ಗೆ ಅವರು ಕಂಡ ಅತಿ ದೊಡ್ಡ ಕನಸು ಅದು, ಆ ಕನಸಿನ ಅಳತೆಗೆ ಅವಳನ್ನು ಕತ್ತರಿಸಿಟ್ಟರು.

ಮನೆಯಲ್ಲಿ ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹೋಗ್ಲಿ ಬಿಡೇ, ಅಪ್ಪಯ್ಯ ಎಲೆಗೆ ಸುಣ್ಣ ಸವರುತ್ತ, ಒಂದೊರ್ಷ ಸುಮ್ನೆ ಕೂರ್ಸಿ ಏನ್ಮಾಡೋದು, ಈ ಯುಗಾದಿಗೆ ಹದಿನೆಂಟಾಗ್ತದೆ, ತೀರ್ಥಹಳ್ಳಿಯವ್ರು ಕಾಯ್ತಿದಾರೆ — ಹೋದ ವರ್ಷ ನನ್ನನ್ನು ನೋಡಲು ಬಂದು, ದೊಡ್ಡವ್ಳು ಮೂಗಿ ಇದ್ದಂಗಿದಾಳೆ, ಚಿಕ್ಕವ್ಳಾದ್ರೆ ಆಗ್ಬಹುದು ಎಂದು ಹೇಳಿ ಕಳಿಸಿದವರು. ಮನೋರಮಾ ಬಾಗಿಲಿಗೆ ಬಂದಳು. ಅಪ್ಪಯ್ಯಾ, ನಂಗೆ ಹದಿನಾರಾ, ಹದಿನೆಂಟಾ? ಜಾತಕ ಸುಳ್ಳು ಹೇಳ್ತದೇನೇ, ಎಂದರು ಅಪ್ಪಯ್ಯ. ಹಾಗಾದ್ರೆ ಡೆಲ್ಲಿಗೂ ಜಾತಕಾನೇ ಕಳ್ಸಿ, ಎಂದಳು, ಅಮ್ಮ ಒಳಗಿನಿಂದ ಬಾಯ್ಮುಚ್ಚೇ ಎಂದರು, ನನ್ನ ಮಾತೇನಿದ್ದರೂ ರಾತ್ರಿ ಡೈರಿಯ ನಾಲ್ಕು ಪುಟಕ್ಕೆ. ಓದಲು ಚಿಕ್ಕವಳು, ಮದುವೆ ಮಾಡಿ ಕೊಡಲು ದೊಡ್ಡವಳು, ಎರಡೂ ಅಪ್ಪಯ್ಯನೇ ಬರೆಸಿದ್ದು. ತೀರ್ಥಹಳ್ಳಿಗೆ ಕಳ್ಸೋಕೆ ಜಾತಕದ ಒಂದು ಪ್ರತಿ ಬರ್ದುಕೊಡು ಮಗಾ, ನಂಗೆ ಕಣ್ಣು ಕಾಣಲ್ಲ, ಎಂದು ಅಪ್ಪಯ್ಯ ನನಗೆ ಹೇಳಿದರು, ಬರೆದುಕೊಟ್ಟೆ, ಹೌದು, ಕೂತು ಬರೆದುಕೊಟ್ಟೆ, ಒಂದು ಮನೆಯೂ ತಪ್ಪದಂತೆ, ಅವಳು ನೋಡುತ್ತ ನಿಂತಿದ್ದಳು, ಅಪ್ಪಯ್ಯ ಕಲಸಿದ ಅರಿಶಿನದಲ್ಲಿ ಹೆಬ್ಬೆರಳು ಅದ್ದಿ ಒಂದು ಮೂಲೆಗೆ ಒತ್ತಿದರು, ಇನ್ನೊಂದಕ್ಕೆ, ಮತ್ತೊಂದಕ್ಕೆ, ಹಳದಿ ಹೆಬ್ಬೆರಳು, ಒದ್ದೆ, ನಾಲ್ಕನೆಯ ಮೂಲೆಯ ಮೇಲೆ ಹಳದಿ ಹೆಬ್ಬೆರಳು, ಒತ್ತಿಕೊಂಡೇ ಇದೆ, ಹಳದಿ ಹೆಬ್ಬೆರಳು —